ನಾಲ್ಕು ಬೆರಳು ಗಿಡ್ಡವಾದ ಕೋಲು

ನಾನು ಒಂದು ಬಿದಿರುಕೋಲು. ಹಿಮ ಅಳೆಯುವುದು ನನ್ನ ಕೆಲಸ. ಧಾರವಾಡದ ಕೋಲಿಗೂ ಹಿಮಕ್ಕೂ ಎಲ್ಲಿಯ ಸಂಬಂಧ ಎಂದು ಹುಬ್ಬೇರಿಸಬೇಡಿ. ಇಪ್ಪತ್ತನಾಲ್ಕು ಕಾರ್ತಿಕ ಮಾಸಗಳಲ್ಲಿ ನಾನು ಹಿಮಾಲಯ ಕಂಡಿದ್ದೇನೆ. 'ನಾಳೆ ಮೇಲೆ ಹೋಗುವುದೋ ಬೇಡವೋ' ಎಂದು ಹತ್ತು ಹನ್ನೆರಡು ಜನ ಬಾಯಿ ಬಿಟ್ಟುಕೊಂಡು ಕೂತಾಗ ಉತ್ತರ ಹೇಳಿದವನು ನಾನು. ಇನ್ನೊಂದನ್ನೂ ಮೊದಲೇ ಹೇಳಿಬಿಡುತ್ತೇನೆ. ನನಗೆ ಹೊಟ್ಟೆಕಿಚ್ಚು ಜಾಸ್ತಿ. ಮುಚ್ಚಿಟ್ಟು ಹೇಳಿದರೆ ಈ ಕಥೆಯಲ್ಲಿ ಏನೂ ಉಳಿಯುವುದಿಲ್ಲ.

ಹುಟ್ಟಿದ್ದು ಹಳಿಯಾಳದ ಕಡೆಯ ಕಾಡಿನಲ್ಲಿ. ಮೇದಾರ ಫಕ್ಕೀರಪ್ಪ ಎಂಬಾತ ಒಂದು ಹೊರೆ ಬಿದಿರು ಕಡಿದು ತಂದ. ಟೊಳ್ಳಾದವನ್ನು ಸೀಳಿ ಬುಟ್ಟಿ, ಮೊರ ಹೆಣೆದ. ನಾನು ಒಳಗೆ ಗಟ್ಟಿ, ಸೀಳಲು ಬಾರದವನು. ನನ್ನನ್ನು ಕೆಂಡದ ಮೇಲೆ ಹಿಡಿದು, ಎಣ್ಣೆ ಸವರಿ, ಸೊಟ್ಟ ತಿದ್ದಿ ಗೋಡೆಗೆ ಒರಗಿಸಿದ. ಮೊರಗಳು ಅರಿಸಿನ ಕುಂಕುಮ ಹಚ್ಚಿಸಿಕೊಂಡು ಮದುವೆಮನೆಗೆ ಹೋದವು. ನಾನು ಎರಡು ತಿಂಗಳು ಗೋಡೆಗೇ ಒರಗಿದ್ದೆ. ಒಂದೇ ಹೊರೆಯಲ್ಲಿ ಬಂದವರಲ್ಲವೇ ನಾವು? ಅವುಗಳ ಮೈಗೆ ಅರಿಸಿನ, ನನ್ನ ಮೈಗೆ ಜೇಡರಬಲೆ. ಅಲ್ಲಿಂದಲೇ ಶುರುವಾಯಿತು ನನ್ನ ಉರಿ.

ಕೊನೆಗೆ ಒಬ್ಬ ಫಾರೆಸ್ಟ್ ಗಾರ್ಡ್ ನನ್ನನ್ನು ಕೊಂಡ. ಅವನ ಬಲಗೈಯಲ್ಲಿ ನಾನು, ಎಡಗೈಯಲ್ಲಿ ಒಂದು ರೇಡಿಯೋ. ಹುಲ್ಲು ಬಡಿದು ಹಾವು ಓಡಿಸುವುದು ನಾನು, ಮಳೆ ಬಂದರೆ ಅಂಗಿಯೊಳಗೆ ಬೆಚ್ಚಗೆ ಹೋಗುವುದು ಅದು. ಆ ರೇಡಿಯೋದ ಬ್ಯಾಟರಿ ಮುಗಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಹೀಗಿರುವಾಗ ಧಾರವಾಡದ ಹುಡುಗಿಯರ ಹೈಸ್ಕೂಲೊಂದು ಅಲ್ಲಿಗೆ ಶಿಬಿರಕ್ಕೆ ಬಂತು. ಹಳ್ಳ ದಾಟಿಸಲು ಅವರ ಪಿ.ಟಿ. ಟೀಚರ್ ಗಾರ್ಡನ ಕೈಯಿಂದ ನನ್ನನ್ನು ಇಸಿದುಕೊಂಡರು. ನಲವತ್ತು ಹುಡುಗಿಯರು ದಾಟುವ ತನಕ ಹಳ್ಳದ ನಡುವೆ ನನ್ನನ್ನು ನೆಟ್ಟು ಹಿಡಿದು ನಿಂತರು. ಆ ಹಿಡಿತ ಬೇರೆಯೇ. ಹೆದರಿದವರ ಹಿಡಿತ ನನಗೆ ಗೊತ್ತು, ಸೊಕ್ಕಿನವರದೂ ಗೊತ್ತು. ಇದು ಎರಡೂ ಅಲ್ಲ. ಸಂಜೆ ತಿರುಗಿ ಕೊಡಲು ಹೋದಾಗ ಗಾರ್ಡ್ ಕೈ ಅಲ್ಲಾಡಿಸಿದ.

"ಇಟ್ಕೋರಿ ಅಕ್ಕೋರ. ಕಾಡಿನ್ಯಾಗ ಕೋಲಿಗೇನ ಬರ?"

ಹೀಗೆ ನಾನು ಇಂದುಮತಿ ಕುಂದಗೋಳ ಅಕ್ಕೋರ ಮನೆ ಸೇರಿದೆ. ಧಾರವಾಡದಲ್ಲಿ ಟೀಚರನ್ನು ಅಕ್ಕೋರು ಎನ್ನುತ್ತಾರೆ. ಮನೆಯಲ್ಲಿ ಅಕ್ಕೋರು ಒಬ್ಬರೇ. ರೇಡಿಯೋ ಇತ್ತು, ಆದರೆ ಅದು ಅಡುಗೆಮನೆಯಲ್ಲಿ. ನನ್ನ ಜಾಗ ಅವರ ಮಂಚದ ತಲೆದೆಸೆಯಲ್ಲಿ. ನನಗೆ ಇನ್ನೇನು ಬೇಕು?

ಪ್ರತಿ ವರ್ಷ ದೀಪಾವಳಿ ಮುಗಿದ ಮೇಲೆ ಅಕ್ಕೋರು ಹೆಣ್ಣುಮಕ್ಕಳ ತಂಡ ಕಟ್ಟಿಕೊಂಡು ಕುಲು ಕಡೆಯ ಒಂದು ಬೆಟ್ಟಕ್ಕೆ ಹೋಗುತ್ತಿದ್ದರು. 'ಬೆಟ್ಟದ ಬಳಗ' ಎಂದು ಹೆಸರು. ಹಳೆಯ ವಿದ್ಯಾರ್ಥಿನಿಯರು, ಅವರ ಗೆಳತಿಯರು. ಅದು ಮಳೆ ನಿಂತು, ಆಕಾಶ ತೊಳೆದಿಟ್ಟಂತೆ ಇರುವ ಕಾಲ. ಚಳಿಗಾಲದ ಹಿಮ ಇನ್ನೂ ಪೂರ್ತಿ ಬಿದ್ದಿರುವುದಿಲ್ಲ. ಬೀಳಲು ಶುರುವಾಗಿರುತ್ತದೆ. ಇದೇ ಫಜೀತಿ. ಬಿಸಿಲು ಬೀಳುವ ಕಡೆ ದಾರಿ ಒಣಗಿ ಹುಲ್ಲು ಕಾಣುತ್ತದೆ, ನೆರಳಿನ ಕಡೆ ಹಿಮ ಕೂತಿರುತ್ತದೆ. ಕೆಳಗಿನ ಊರಿನಿಂದ ನೋಡಿದವರು "ಏನೂ ಇಲ್ಲ, ಹೋಗೂಣು" ಎಂದು ಹೊರಟುಬಿಡುತ್ತಾರೆ. ಅರ್ಧ ದಾರಿಯಲ್ಲಿ ಒಂದು ಕೊಳ್ಳ ಬರುತ್ತದೆ. ಹಗಲೆಲ್ಲ ನೆರಳು. ಅದನ್ನು ದಾಟಿದರೆ ಧಾರ್, ಅಂದರೆ ಅಲ್ಲಿನವರ ಮಾತಿನಲ್ಲಿ ಬೆಟ್ಟದ ಬೆನ್ನು. ದಾಟಲಾಗದಿದ್ದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುವುದು.

ಅದಕ್ಕೇ ಅಕ್ಕೋರು ಒಂದು ಪದ್ಧತಿ ಮಾಡಿದ್ದರು. ಹತ್ತುವ ಹಿಂದಿನ ದಿನ, ಮಧ್ಯಾಹ್ನದ ಊಟ ಆದಮೇಲೆ, ನನ್ನನ್ನು ಹಿಡಿದು ಆ ಕೊಳ್ಳದ ತನಕ ಹೋಗುವುದು. ಮೊದಲು ಕುರಿ ಇಳಿಸಿಕೊಂಡು ಬರುವವರನ್ನು ಮಾತಾಡಿಸುವುದು. ಅವರ ಬಾಯಿಗಿಂತ ಅವರ ಬೂಟು ನೋಡುವುದು, ಎಲ್ಲಿಯವರೆಗೆ ಒದ್ದೆಯಾಗಿವೆ? ಹಳ್ಳದ ಕಲ್ಲಿನ ಮೇಲೆ ಗಾಜಿನಂಥ ಪದರ ಇದೆಯೇ? ಆಮೇಲೆ ನನ್ನ ಸರದಿ. ಕೊಳ್ಳದಲ್ಲಿ ಮೂರು ಕಡೆ ನನ್ನನ್ನು ನೆಲ ಸಿಗುವ ತನಕ ಚುಚ್ಚುವರು. ಹೊಸ ಹಿಮವಾದರೆ 'ಪುಸ್' ಎಂದು ಒಳಗೆ ಹೋಗುತ್ತೇನೆ. ಮೇಲೆ ಗಟ್ಟಿಕಟ್ಟಿದ್ದರೆ 'ಕರ್' ಎನ್ನುತ್ತದೆ. ಕೆಳಗೆ ಕಲ್ಲು ತಾಗಿದರೆ 'ಟಕ್'. ಆ ಟಕ್ ಸದ್ದು ಅವರ ಅಂಗೈಗೆ ನನ್ನ ಮೂಲಕವೇ ಹೋಗಬೇಕು.

ನನ್ನ ಮೈಮೇಲೆ ಮೂರು ಗೆರೆಗಳನ್ನು ಅಕ್ಕೋರೇ ಕಾದ ಸಲಾಕೆಯಿಂದ ಸುಟ್ಟಿದ್ದರು. ತಮ್ಮ ಕಾಲಿನ ಪಕ್ಕ ನಿಲ್ಲಿಸಿಕೊಂಡು, ಹಿಮ್ಮಡಿಯ ಗಂಟಿಗೆ ಒಂದು, ಮೀನಖಂಡಕ್ಕೆ ಒಂದು, ಮೊಣಕಾಲಿಗೆ ಒಂದು. ಒಂದನೇ ಗೆರೆಗೆ ಹಿಮ ಬಂದರೆ ಹಾಡುತ್ತ ಹೋಗಬಹುದು. ಎರಡು ದಾಟಿದರೆ ಹಗ್ಗ ಹಿಡಿದು ನಿಧಾನ ಹೋಗಬೇಕು. ಮೂರು ಮುಟ್ಟಿದರೆ ಮಾತಿಲ್ಲ, ವಾಪಸ್. ಅಕ್ಕೋರ ಕೈಯಲ್ಲಿ ಹೋದ ಹದಿನೆಂಟು ವರ್ಷದಲ್ಲಿ ನಾಲ್ಕು ಸಲ ವಾಪಸ್ ಬಂದಿದ್ದೇವೆ. ಅದರಲ್ಲಿ ಒಂದು ಸಲ ನಮ್ಮನ್ನು ನೋಡಿ ನಕ್ಕು ಹತ್ತಿದ ಬೇರೆ ಊರಿನ ತಂಡವನ್ನು ಮೂರನೇ ದಿನ ಊರವರು ಹೊತ್ತು ಇಳಿಸಿದರು. ಅಂದಿನಿಂದ ನನ್ನ ಮಾತಿಗೆ ಎದುರು ಮಾತಿರಲಿಲ್ಲ. ಅಲ್ಲಿನ ಗೈಡ್ ಟೇಕ್‌ರಾಮ್ ಕೂಡ "ದೀದಿ, ಕೋಲು ಏನೆಂದಿತು?" ಎಂದು ಹಿಂದಿಯಲ್ಲಿ ಕೇಳುತ್ತಿದ್ದ. ನಾನು ಸೊಕ್ಕಿನಿಂದ ಇನ್ನೂ ಸೆಟೆದು ನಿಲ್ಲುತ್ತಿದ್ದೆ.

ಸೊಕ್ಕು ಇಳಿಯುವ ವರ್ಷವೂ ಬಂತು. ಬೇಸಿಗೆಯಲ್ಲಿ ನನ್ನ ತುದಿಯ ಅಣಸು, ಕಬ್ಬಿಣದ ಬಳೆ, ಸಡಿಲವಾಗಿ ಬಿತ್ತು. ಅಕ್ಕೋರು ನನ್ನನ್ನು ಕಮ್ಮಾರನ ಹತ್ತಿರ ಒಯ್ದರು. ಅವನು ತಿರುವಿ ನೋಡಿ, "ತುದಿ ಕೊಳತೈತ್ರಿ ಅಕ್ಕೋರ. ನಾಕ ಬೆರಳ ಕೊಯ್ಯಬೇಕು," ಎಂದ.

"ಕೊಯ್ಯಿ. ನಾನೂ ವರ್ಷಾ ವರ್ಷಾ ಗಿಡ್ಡ ಆಗಾಕತ್ತೀನಿ. ಇಬ್ಬರೂ ಜೋಡಿ ಆಗ್ತೀವಿ."

"ಈ ಗೆರಿ ಮ್ಯಾಲ ಸರಸಬೇಕಲ್ರಿ? ಇಲ್ಲಾಂದ್ರ ಅಳತಿ ತಪ್ಪತೈತಿ."

"ಮನ್ಯಾಗ ಸುಡ್ತೀನಿ ತಗೋ."

ಸುಡಲಿಲ್ಲ. ಇವತ್ತು ನಾಳೆ ಎಂದು ಮುಂದೂಡಿದರು. ಅಷ್ಟರಲ್ಲಿ ಬಳಗದ ಸಭೆ ನಡೆಯಿತು. ಅಕ್ಕೋರಿಗೆ ಅರವತ್ತೊಂದು ದಾಟಿತ್ತು. ಈ ಸಲದ ಮುಂದಾಳು ಶಾಲ್ಮಲಾ ಎಂದು ತೀರ್ಮಾನವಾಯಿತು. ಶಾಲ್ಮಲಾ ಬೆಟಗೇರಿ ಅಕ್ಕೋರ ಹಳೆಯ ವಿದ್ಯಾರ್ಥಿನಿ. ಬೂಟಿನ ಲಾಡಿ ಕಟ್ಟಲು ಬಾರದವಳಿಗೆ ಅದನ್ನು ಕಲಿಸಿದ್ದೇ ಅಕ್ಕೋರು. ಈಗ ಅವಳೂ ಒಂದು ಶಾಲೆಯ ಪಿ.ಟಿ. ಟೀಚರ್. "ನೀವು ಹಿರಿಯರಾಗಿ ಜೋಡಿ ಬರ್ರಿ ಅಕ್ಕೋರ, ಸುಮ್ನ ಆರಾಮ ನಡೀರಿ," ಎಂದರು ಎಲ್ಲರೂ. ಅಕ್ಕೋರು ನಕ್ಕರು. "ಛಲೋ ಆತು," ಎಂದರು. ನಗು ಕಂಡವರು ಉಳಿದವರು, ಕೈ ಕಂಡವನು ನಾನು. ಆ ಕೈ ನನ್ನನ್ನು ಎಷ್ಟು ಬಿಗಿಯಾಗಿ ಹಿಡಿಯಿತು ಎಂದರೆ ನನ್ನ ಮೈ ನೊಂದಿತು.

ಶಾಲ್ಮಲಾ ಜೊತೆಗೆ ಅವನೂ ಬಂದ. ಅವನು ಎಂದರೆ ಅಲ್ಯುಮಿನಿಯಮ್ ಕೋಲು. ಬೇಕೆಂದರೆ ಉದ್ದವಾಗುತ್ತಾನೆ, ಬೇಡವೆಂದರೆ ಮಡಚಿಕೊಂಡು ಚೀಲಕ್ಕೆ ಹೋಗುತ್ತಾನೆ. ಬೆನ್ನೆಲುಬೇ ಇಲ್ಲದ ಆಸಾಮಿ! ಮೈಮೇಲೆ ಸೆಂಟಿಮೀಟರ್ ಅಂಕಿ ಅಚ್ಚಾಗಿ ಬಂದಿವೆ. ಸುಡಿಸಿಕೊಂಡ ನೋವು ಅವನಿಗೇನು ಗೊತ್ತು? ಹಿಡಿಗೆ ಮೆತ್ತನೆಯ ರಬ್ಬರು, ಅದಕ್ಕೊಂದು ಪಟ್ಟಿ. ರೈಲಿನಲ್ಲಿ ಎಲ್ಲರೂ ಅವನನ್ನು ಕೈಗೆ ತೆಗೆದುಕೊಂಡು, "ಅಯ್ಯ, ಎಷ್ಟ ಹಗರ ಐತಲೇ!" ಎಂದರು. ನಾನು ಸೀಟಿನ ಕೆಳಗೆ ಚಪ್ಪಲಿಗಳ ನಡುವೆ ಮಲಗಿದ್ದೆ. ಶಾಲ್ಮಲಾಳ ಫೋನು ಬೇರೆ. ನಾಳೆಯ ಬಿಸಿಲು, ನಾಡಿದ್ದಿನ ಗಾಳಿ, ಮೊನ್ನೆ ಹತ್ತಿ ಇಳಿದ ಯಾರೋ ಹಾಕಿದ ಫೋಟೋ, ಎಲ್ಲ ಅದರಲ್ಲಿ. ಹೆಣ್ಣುಮಕ್ಕಳು ಅವಳ ಸುತ್ತ ಕೂತು ಇಣುಕಿದರು. ಅಕ್ಕೋರು ಕಿಟಕಿಯ ಹೊರಗೆ ನೋಡುತ್ತ ಕೂತರು. ಅಕ್ಕೋರಿಗೂ ನನಗೂ ಒಂದೇ ಉರಿ. ಅವರ ಅಂಗೈಯಿಂದ ನನಗೆ ಬಂತೋ, ನನ್ನ ಮೈಯಿಂದ ಅವರಿಗೆ ಹೋಯಿತೋ, ದೇವರೇ ಬಲ್ಲ.

ಬೆಟ್ಟದ ಬುಡ ಮುಟ್ಟಿ ಡೇರೆ ಹಾಕಿದ ಮೇಲೆ, ಪದ್ಧತಿಯಂತೆ ಮಧ್ಯಾಹ್ನ ದಾರಿ ನೋಡಲು ಹೊರಟೆವು. ಈ ಸಲ ಶಾಲ್ಮಲಾಳೂ ಬಂದಳು. ಕೊಳ್ಳದಲ್ಲಿ ಹಿಮ ಇತ್ತು. ನಾಲ್ಕು ದಿನದ ಹಿಂದೆ ಬಿದ್ದದ್ದು. ಅದೊಂದನ್ನು ದಾಟಿದರೆ ಮೇಲೆ ಧಾರ್ ಉದ್ದಕ್ಕೂ ಬಿಸಿಲು, ಒಣಹುಲ್ಲು, ಕಣ್ಣಿಗೆ ಕಾಣುತ್ತಿತ್ತು. ಶಾಲ್ಮಲಾ ತನ್ನ ಕೋಲು ಚುಚ್ಚಿದಳು. ಅಕ್ಕೋರು ಪಕ್ಕದಲ್ಲೇ ನನ್ನನ್ನು ಚುಚ್ಚಿದರು. ಪುಸ್, ಕರ್, ಟಕ್. ನಾನು ಒಳಗಿನಿಂದ ಮೇಲೆ ನೋಡುತ್ತಿದ್ದೆ. ಮುಟ್ಟಲಿ, ಮೂರನೇ ಗೆರೆ ಮುಟ್ಟಲಿ ಎಂದು ಹಪಹಪಿಸಿದೆ. ಮುಟ್ಟಿತು.

"ಮೂವತ್ತೆಂಟು ಐತ್ರಿ ಅಕ್ಕೋರ," ಎಂದಳು ಶಾಲ್ಮಲಾ. "ಮೊಣಕಾಲಂದ್ರ ನಲವತ್ತೈದಲ್ರಿ? ಹಗ್ಗ ಹಾಕ್ಕೊಂಡು ದಾಟಬಹುದೇನೋ. ನಿಮ್ದು ಎಷ್ಟಂತೈತಿ?"

ಅಕ್ಕೋರಿಗೆ ಗೊತ್ತಿತ್ತು. ನಾಲ್ಕು ಬೆರಳು ಕೊಯ್ಯುವಾಗ ಕಣ್ಣೆದುರು ನಿಂತಿದ್ದವರು ಅವರೇ. ನನ್ನ ಮೂರನೇ ಗೆರೆ ಈಗ ಮೊಣಕಾಲಿಗಲ್ಲ, ಅದಕ್ಕಿಂತ ನಾಲ್ಕು ಬೆರಳು ಕೆಳಗೆ. ಆದರೂ ನನ್ನತ್ತ ಬೆರಳು ಮಾಡಿದರು.

"ನೀನಽ ನೋಡು. ಮೂರನೇ ಗೆರಿ ಮುಟ್ಟೇತಿ."

ಸುಳ್ಳೇನೂ ಅಲ್ಲ ನೋಡಿ. ಮುಟ್ಟಿತ್ತು. ಶಾಲ್ಮಲಾ ಬಗ್ಗಿ ನನ್ನ ಗೆರೆ ನೋಡಿದಳು, ತನ್ನ ಕೋಲು ನೋಡಿದಳು. ವಾದ ಮಾಡುತ್ತಾಳೆ, ಆಗ ಅವಳ ಆ ಬೆಳ್ಳಿಬಣ್ಣದವನ ಸೊಕ್ಕು ಮುರಿಯುವುದನ್ನು ನೋಡೋಣ ಎಂದು ನಾನು ಕಾದಿದ್ದೆ.

ಅವಳು ವಾದ ಮಾಡಲಿಲ್ಲ. "ಹಂಗಾದ್ರ ಮುಗೀತ್ರಿ. ನನ್ನ ಕೋಲೂ ಹೊಸಾದು, ನನ್ನ ಕೈನೂ ಹೊಸಾದು. ಎಲ್ಲೋ ಕಲ್ಲಿನ ಮ್ಯಾಲ ಚುಚ್ಚಿರಬೇಕು. ನಾಳೆ ವಾಪಸ್ ಹೋಗೂಣ್ರಿ," ಎಂದಳು. ಅವಳ ಮುಖ ಬಾಡಿತ್ತು. ಆದರೂ ಇಳಿಯುವಾಗ ಜಾರುವಲ್ಲಿ ಅಕ್ಕೋರ ಮೊಣಕೈ ಹಿಡಿದುಕೊಂಡೇ ನಡೆದಳು.

ನಾನು ಗೆದ್ದೆ! ಅಂದು ಇಳಿಯುವಾಗ ಕಲ್ಲಿಗೆ ಕಲ್ಲಿಗೆ ತಾಗಿ ಟಕ್ ಟಕ್ ಎಂದು ಮೆರೆದೆ. ಅಲ್ಯುಮಿನಿಯಮ್ಮಿನವನನ್ನು ಮಡಚಿ ಚೀಲಕ್ಕೆ ತುರುಕಿದ್ದಳು. ಹಾಗೇ ಆಗಬೇಕು ಅವನಿಗೆ.

ಡೇರೆಗೆ ಬಂದಾಗ ಬಿಸಿಲು ಇನ್ನೂ ಎದುರಿನ ಶಿಖರದ ಮೇಲಿತ್ತು. ಹನ್ನೊಂದು ಜನ ಚಹಾ ಹಿಡಿದು ಕಾಯುತ್ತಿದ್ದರು. ಅಕ್ಕೋರು ಕೈ ಬೆಚ್ಚಗೆ ಮಾಡಿಕೊಳ್ಳುತ್ತೇನೆ ಎಂದು ಅಡುಗೆ ಡೇರೆಯೊಳಗೆ ಹೋಗಿ ಕೂತರು. ನಾನು ಅವರ ತೊಡೆಯ ಮೇಲೆ. ಹೊರಗಿನ ಮಾತು ಬಟ್ಟೆಯಾಚೆಯಿಂದ ಸ್ಪಷ್ಟವಾಗಿ ಕೇಳುತ್ತಿತ್ತು.

"ನಾಳೆ ಹತ್ತೂದಿಲ್ಲ," ಎಂದಳು ಶಾಲ್ಮಲಾ. "ಕೊಳ್ಳದಾಗ ಹಿಮ ಜಾಸ್ತಿ ಐತಿ."

ಬ್ಯಾಂಕಿನಲ್ಲಿ ಕೆಲಸ ಮಾಡುವ ವೃಂದಾ ಎಂಬಾಕೆಯ ದನಿ ಏರಿತು. "ಅಲ್ಲವಾ, ನಿನ್ನೆ ತನಕ ಫೋನ್ ತೋರಿಸಿ ದಾರಿ ಬಿಚ್ಚೇತಿ ಅಂತಿದ್ದಿ. ನಾ ಎಂಟು ದಿನ ರಜಾ ಹಾಕಿ, ಅತ್ತಿ ಕೂಡ ಜಗಳಾಡಿ ಬಂದೀನಿ. ನಿನಗ ತಿಳೀದಿದ್ರ ಮುಂದಾಳು ಯಾಕಾದಿ? ಅಕ್ಕೋರು ಮುಂದ ಇದ್ರ ಹಿಂಗ ಆಗ್ತಿರಲಿಲ್ಲ."

'ಅಕ್ಕೋರೇ ಹೇಳಿದ್ದು' ಎಂದರೆ ಮುಗಿದಿತ್ತು. ಆ ಹುಡುಗಿ ಹೇಳಲಿಲ್ಲ.

"ತಪ್ಪು ನಂದ ಅಕ್ಕಾ. ನಾ ಸರಿ ನೋಡಿದ್ದಿಲ್ಲ. ಬೈಯಿ, ನನಗ ಬೈಯಿ. ಆದ್ರ ಯಾರನ್ನೂ ಮ್ಯಾಲ ಕರಕೊಂಡು ಹೋಗೂದಿಲ್ಲ."

ಅಕ್ಕೋರ ಕೈಯಲ್ಲಿದ್ದ ಚಹಾ ಹಾಗೇ ಆರುತ್ತಿತ್ತು. ಲೋಟ ಕೆಳಗಿಟ್ಟರು. ನನ್ನನ್ನು ಎತ್ತಿಕೊಂಡು ಹೊರಗೆ ಬಂದು, ಎಲ್ಲರ ನಡುವೆ ನಿಂತರು. ಬೇಡ ಅಕ್ಕೋರ, ಸುಮ್ಮನಿರಿ, ನಾಳೆ ರೈಲು ಹತ್ತಿದರೆ ಎಲ್ಲ ಮರೆಯುತ್ತಾರೆ ಎಂದು ನನಗೆ ಬಾಯಿದ್ದರೆ ಕೂಗುತ್ತಿದ್ದೆ.

"ಆಕಿಗೆ ಬೈಬ್ಯಾಡ್ರಿ. ವಾಪಸ್ ಅಂದಾಕಿ ನಾನು." ಅವರು ನನ್ನನ್ನು ತಮ್ಮ ಕಾಲಿನ ಪಕ್ಕ ನಿಲ್ಲಿಸಿದರು. ಮೂರನೇ ಗೆರೆ ಮೊಣಕಾಲಿಗಿಂತ ಕೆಳಗಿರುವುದು ಎಲ್ಲರಿಗೂ ಕಂಡಿತು. "ಬ್ಯಾಸಗ್ಯಾಗ ಈ ಕೋಲ ನಾಕ ಬೆರಳ ಕೊಯ್ಸೀನಿ. ಗೆರಿ ಸರಿ ಮಾಡಿಲ್ಲ. ನನಗದು ಗೊತ್ತಿತ್ತು. ಕೊಳ್ಳದಾಗ ನಿಂತಾಗೂ ಗೊತ್ತಿತ್ತು."

"ಮತ್ತ ಯಾಕ್ರಿ ಅಕ್ಕೋರ?" ಎಂದಳು ವೃಂದಾ. ಈಗ ದನಿ ಏರಿರಲಿಲ್ಲ.

"ಹೊಟ್ಟಿಕಿಚ್ಚು. ಮತ್ತೇನ? ಆಕಿ ಮುಂದ, ನಾ ಹಿಂದ. ತಡಕೊಳ್ಳಾಕ ಆಗಲಿಲ್ಲ."

ಟೇಕ್‌ರಾಮ್‌ಗೆ ಕನ್ನಡ ತಿಳಿಯದು. ಆದರೂ ತಲೆ ತಗ್ಗಿಸಿ ನಿಂತ. ಶಾಲ್ಮಲಾ ಅಳುತ್ತಾಳೆ ಅಂದುಕೊಂಡೆ. ಅವಳು ಒಳಗೆ ಹೋಗಿ ಸ್ಟವ್ ಮೇಲೆ ಒಂದು ಸಲಾಕೆ ಕಾಯಿಸಿ ತಂದಳು. "ಗೆರಿ ಹಾಕಿಕೊಡ್ರಿ ಅಕ್ಕೋರ. ಸರಿ ಅಳತಿಗೆ," ಎಂದಷ್ಟೇ ಹೇಳಿದಳು. ಅಕ್ಕೋರು ಕಾಲಿನ ಪಕ್ಕ ನನ್ನನ್ನು ಹಿಡಿದು ಮೂರು ಹೊಸ ಗೆರೆ ಸುಟ್ಟರು. ಮೊದಲ ಸಲಕ್ಕಿಂತ ಈ ಸಲ ಹೆಚ್ಚು ನೋಯಿತು.

ಬೆಳಗಿನ ಜಾವ ಶಾಲ್ಮಲಾ, ಟೇಕ್‌ರಾಮ್ ನನ್ನನ್ನು ಒಯ್ದು ಮತ್ತೆ ಅಳೆದು ಬಂದರು. ಎರಡನೇ ಗೆರೆ ದಾಟಿತ್ತು, ಮೂರು ಮುಟ್ಟಿರಲಿಲ್ಲ. ಗಾಳಿಯಿಲ್ಲ, ಆಕಾಶ ಶುಭ್ರ. ಹಗ್ಗ ತೆಗೆದರು. ಅಕ್ಕೋರೂ ಬೂಟು ಹಾಕಿಕೊಂಡು, ನನ್ನನ್ನು ಹಿಡಿದು ಸಾಲಿನಲ್ಲಿ ನಿಂತರು. ಶಾಲ್ಮಲಾ ಅವರ ಹತ್ತಿರ ಬಂದಳು.

"ಅಕ್ಕೋರ, ನೀವು ಇವತ್ತ ಕೆಳಗ ಇರ್ರಿ. ಸಿಟ್ಟಿನಿಂದ ಹೇಳಾಕತ್ತಿಲ್ಲ. ಕೊಳ್ಳದಾಗ ನೀವು 'ಹೆಜ್ಜಿ ಇಡ್ರಿ' ಅಂದ್ರ ಇವತ್ತ ಯಾರೂ ಇಡೂದಿಲ್ಲ. ಒಂದು ಗಳಿಗಿ ಅನುಮಾನ ಮಾಡ್ತಾರ. ಅಲ್ಲಿ ಆ ಒಂದು ಗಳಿಗೀನೂ ನಮ್ಮ ಹತ್ರ ಇಲ್ರಿ."

ಅಕ್ಕೋರ ಮುಖ ಕೆಂಪಾಯಿತು, ಆಮೇಲೆ ತಿಳಿಯಾಯಿತು. "ಖರೇ. ನಾ ಆದ್ರೂ ಹಿಂಗಽ ಹೇಳ್ತಿದ್ದೆ." ನನ್ನನ್ನು ಅವಳ ಮುಂದೆ ಹಿಡಿದರು. "ಇದನ್ನ ಒಯ್ಯಿ. ಹಿಮದಾಗ ಗಟ್ಟಿ ನಿಲ್ತೈತಿ. ಇದರದೇನೂ ತಪ್ಪಿಲ್ಲ."

ನನ್ನದೇನೂ ತಪ್ಪಿಲ್ಲವಂತೆ! ಅವರಿಗೇನು ಗೊತ್ತು. ಶಾಲ್ಮಲಾ ನನ್ನನ್ನು ತೆಗೆದುಕೊಂಡಳು. ಇನ್ನೊಂದು ಕೈ ಹಗ್ಗಕ್ಕೆ ಬೇಕಲ್ಲ, ತನ್ನ ಅಲ್ಯುಮಿನಿಯಮ್ಮಿನವನನ್ನು ಅಕ್ಕೋರ ಕೈಗೆ ಕೊಟ್ಟಳು.

ಮುಂದಾಳಿನ ಕೈಯಲ್ಲಿ, ಎಲ್ಲರಿಗಿಂತ ಮುಂದೆ, ನಾನು ಆ ಕೊಳ್ಳ ದಾಟಿದೆ. ಹನ್ನೊಂದು ಹೆಣ್ಣುಮಕ್ಕಳು ನಾನು ಚುಚ್ಚಿ ತೋರಿಸಿದಲ್ಲೇ ಹೆಜ್ಜೆ ಇಟ್ಟರು. ಮಧ್ಯಾಹ್ನದ ಹೊತ್ತಿಗೆ ಧಾರ್ ಮೇಲೆ ನಿಂತೆವು. ಎಲ್ಲರೂ ಕೂಗಿದರು, ವೃಂದಾ ಕಣ್ಣೊರೆಸಿಕೊಂಡು ಶಾಲ್ಮಲಾಳನ್ನು ಅಪ್ಪಿಕೊಂಡಳು. ನಾನು ಮಾತ್ರ ಕೆಳಗೆ ನೋಡುತ್ತಿದ್ದೆ. ಡೇರೆಯ ಪಕ್ಕ ಅಕ್ಕೋರು ಸಾಸಿವೆ ಕಾಳಿನಷ್ಟು ಕಾಣುತ್ತಿದ್ದರು. ಕೈಯಲ್ಲಿ ಏನೋ ಮಿಂಚುತ್ತಿತ್ತು. ಅವನೇ. ಇಡೀ ದಿನ ಅವರ ಕೈಯಲ್ಲಿ ಅವನು! ಅಷ್ಟು ಎತ್ತರದಲ್ಲಿ, ಅಷ್ಟು ಚಳಿಯಲ್ಲಿ ನಾನು ಉರಿದಷ್ಟು, ಕಾದ ಸಲಾಕೆಯ ಕೆಳಗೂ ಉರಿದಿರಲಿಲ್ಲ.

ಇಳಿದು ಬಂದಾಗ ಅಕ್ಕೋರು ಬಿಸಿನೀರು ಕಾಯಿಸಿಟ್ಟಿದ್ದರು. ಅವನನ್ನು ಇನ್ನೂ ಕೈಯಲ್ಲೇ ಹಿಡಿದಿದ್ದರು. "ಹಗರ ಐತವಾ ಇದು, ಮೊಣಕಾಲಿಗೆ ಸುಖಾ," ಎಂದರು. "ನಿಮ್ಮ ಕಡೇನಽ ಇರ್ಲಿ ಬಿಡ್ರಿ. ನನಗ ಇದನ್ನ ಕೊಡ್ರಿ," ಎಂದಳು ಶಾಲ್ಮಲಾ, ನನ್ನನ್ನು ತೋರಿಸಿ. ಇಬ್ಬರೂ ನಕ್ಕರು. ನನ್ನನ್ನು ಯಾರೂ ಕೇಳಲಿಲ್ಲ.

ಅದಾಗಿ ಆರು ವರ್ಷ. ಶಾಲ್ಮಲಾಳ ಶಾಲೆಯ ಹಿಂದಿನ ಒಂದು ಕೋಣೆ ಈಗ ಬಳಗದ ಕಚೇರಿ. ಹಗ್ಗ, ಡೇರೆಗಳ ಜೊತೆ ನನ್ನ ವಾಸ. ನನ್ನ ಮೈ ಸೀಳು ಬಿಟ್ಟಿದೆ, ತಂತಿ ಸುತ್ತಿದ್ದಾರೆ. ಆದರೂ ವರ್ಷಕ್ಕೊಮ್ಮೆ ನನ್ನನ್ನೇ ಒಯ್ಯುತ್ತಾರೆ.

ಮೊನ್ನೆ ದೀಪಾವಳಿ ಮುಗಿದ ವಾರ ಅಕ್ಕೋರು ಬಂದಿದ್ದರು. ಬೆನ್ನು ಬಾಗಿದೆ. ಅವನನ್ನು ನನ್ನ ಪಕ್ಕದಲ್ಲೇ ಒರಗಿಸಿ ಕೂತರು. ನಾನು ಅವನ ಕಡೆ ನೋಡಲಿಲ್ಲ. ಶಾಲ್ಮಲಾ ಟೇಕ್‌ರಾಮ್‌ಗೆ ಫೋನ್ ಹಚ್ಚಿದಳು. ಕೊಳ್ಳದಲ್ಲಿ ಈ ಸಲ ಹಿಮ ಬೇಗ ಬಿದ್ದಿದೆ ಎಂದ.

"ಏನ್ ಮಾಡೂಣ್ರಿ ಅಕ್ಕೋರ?"

"ಇಲ್ಲಿ ಕುಂತು ನಾ ಏನ್ ಹೇಳ್ಲಿ? ನೀ ಹೋಗು, ಚುಚ್ಚಿ ನೋಡು. ನೀ ಹೇಳಿದ್ದಽ ಖರೇ."

ಆ ದನಿಯಲ್ಲಿ ಉರಿ ಹುಡುಕಿದೆ. ಒಂದಿಷ್ಟೂ ಇರಲಿಲ್ಲ. ನಾವಿಬ್ಬರೂ ಕೂಡಿ ಹೊತ್ತಿದ್ದನ್ನು ಅವರು ಯಾವಾಗಲೋ ಇಳಿಸಿಟ್ಟಿದ್ದಾರೆ. ಈಗ ಹೊತ್ತು ನಿಂತವನು ನಾನೊಬ್ಬನೇ.

ಹೊರಡಲು ಎದ್ದರು. ಮಾತಾಡುತ್ತಲೇ ಹಿಂದೆ ಕೈ ಚಾಚಿ ಹಿಡಿದುಕೊಂಡರು. ಹಿಡಿದದ್ದು ನನ್ನನ್ನು! ಅದೇ ಅಂಗೈ, ಅದೇ ಹೆಬ್ಬೆರಳು. ಬಾಗಿಲವರೆಗೆ ಒಂಬತ್ತು ಹೆಜ್ಜೆ. ಒಂದೊಂದಕ್ಕೂ ಟಕ್ ಎಂದೆ. ಹೊಸಿಲ ಹತ್ತಿರ ಅಕ್ಕೋರು ನಿಂತು ಸೊಂಟಕ್ಕೆ ಕೈ ಕೊಟ್ಟರು.

"ಇದು ಯಾಕ ನನ್ನ ಹಿಂಗ ಬಗ್ಗಸಾಕತ್ತೇತಿ ಅಂದ್ಕೊಂಡೆ. ಗಿಡ್ಡ ಐತಿ ಇದು. ಶಾಲ್ಮಲಾ, ನಂದ ಕೊಡವಾ."

ಶಾಲ್ಮಲಾ ನನ್ನನ್ನು ತೆಗೆದುಕೊಂಡು ಅವನನ್ನು ಕೊಟ್ಟಳು. ಅಕ್ಕೋರು ಅವನನ್ನು ಊರಿಕೊಂಡು, ಕಾಯಿಪಲ್ಲೆ ಮಾರ್ಕೆಟ್ಟಿನ ಕಡೆ ನಿಧಾನಕ್ಕೆ ನಡೆದರು. ಬರುವ ವಾರ ನಾನು ಹಿಮಾಲಯಕ್ಕೆ ಹೋಗುತ್ತೇನೆ. ಹನ್ನೆರಡು ಜನ ನನ್ನ ಮಾತಿಗೆ ಕಾಯುತ್ತಾರೆ. ಅವನು ಮಾರ್ಕೆಟ್ಟಿಗೆ ಹೋಗುತ್ತಾನೆ. ನಮ್ಮಿಬ್ಬರಲ್ಲಿ ಪುಣ್ಯವಂತ ಯಾರು ಎಂದರೆ ಎಲ್ಲರೂ ನನ್ನನ್ನೇ ತೋರಿಸುತ್ತಾರೆ. ಆದರೆ ಆ ಒಂಬತ್ತು ಹೆಜ್ಜೆ ಅವನಿಗೆ ದಿನಾ ಸಿಗುತ್ತವೆ.